ಸರೋಜಳ ಮನೆ ವಿಚಾರಿಸಲು ಬಂದವರು

ಸರೋಜಳ ಮನೆ ವ್ಯಾಪಾರ ಮುರಿದವಳು ನಾನು. ಎದುರು ಮನೆಯ ಟೈಲರ್ ಪಾರ್ವತಿಯಲ್ಲ — ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣವೆಂದು ಇಟ್ಟುಕೊಂಡರೆ ಬರೆಯುವುದೇ ಇಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ನಮ್ಮದೂ ಸರೋಜಳದೂ ಒಂದೇ ಗೋಡೆಯ ಮನೆಗಳು. ಅವಳು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತಿತ್ತು. ನನ್ನ ಗಂಡ ಸತ್ತಾಗ ನನ್ನ ಮಕ್ಕಳಿಗೆ ಅನ್ನ ಬೇಯಿಸಿ ಹಾಕಿದವಳು ಅವಳು. ನಮ್ಮಲ್ಲಿ ಮನೆ ಮಾರುವವರು ಮೊದಲು ಗೋಡೆ ಹಂಚಿಕೊಂಡವರಿಗೆ ಒಂದು ಮಾತು ಹೇಳುತ್ತಾರೆ. ಕೊಳ್ಳುವ ಶಕ್ತಿ ಇರಲಿ, ಇಲ್ಲದಿರಲಿ — ಹೇಳಬೇಕು.

ಅವಳು ಹೇಳಲಿಲ್ಲ. ಸೊಪ್ಪಿನ ಗಾಡಿಯ ಹತ್ತಿರ ಒಬ್ಬ ಬ್ರೋಕರ್ ಹಲ್ಲು ಬಿಟ್ಟುಕೊಂಡು ಕೇಳಿದ: "ಏನಜ್ಜಿ, ಪಕ್ಕದ್ ಮನೆ ಹೋಗ್ತಾ ಇದೆ, ನಿಮ್ದೂ ಕೊಟ್ಬಿಡಿ. ಎರಡೂ ಸೇರಿದ್ರೆ ಒಳ್ಳೆ ಸೈಟು."

"ನನ್ ಹೆಣ ಎತ್ತಿದ್ಮೇಲೆ ಬಾರೋ," ಎಂದೆ. ಮನೆಗೆ ಬಂದು ಕಾದೆ. ಸಂಜೆ ಸರೋಜ ಎಂದಿನಂತೆ ಬಸ್ಸಾರು ತಂದುಕೊಟ್ಟಳು. ಸಿಲಿಂಡರ್ ಬರಲಿಲ್ಲ ಎಂದಳು, ಮಂಡಿನೋವು ಎಂದಳು, ಹೋದಳು. ಮನೆಯ ಮಾತಿಲ್ಲ. ಇಷ್ಟು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಮಲಗಿದವರು ನಾವು — ನಾನು ಅವಳಿಗೆ ಯಾರೂ ಅಲ್ಲವೇ? ಬಸ್ಸಾರನ್ನು ಬಚ್ಚಲಿಗೆ ಸುರಿದೆ.

ಮನೆ ಕೊಳ್ಳುವವರು ಬ್ರೋಕರ್ ಮಾತು ನಂಬುವುದಿಲ್ಲ, ಪಕ್ಕದ ಮನೆಯ ಹೆಂಗಸನ್ನು ಕೇಳುತ್ತಾರೆ. ಆ ವಾರವೇ ಒಬ್ಬರು ಅತ್ತೆ, ಸೊಸೆ ಬಂದರು. ಪಾರ್ವತಿಯ ಅಂಗಡಿಯಲ್ಲಿ ದಾರಿ ಕೇಳಿಕೊಂಡು ನೇರ ನನ್ನ ಜಗಲಿಗೆ ಬಂದು ಕೂತರು. ಸೊಸೆ ತುಂಬು ಬಸುರಿ. ನೀರು ಬರುತ್ತದಾ, ಜನ ಹೇಗೆ ಎಂದೆಲ್ಲ ವಿಚಾರಿಸಿ, ಅತ್ತೆ ಮೆಲ್ಲಗೆ ಕೇಳಿದಳು: "ನೀವು ಹಿರೀರು, ನಿಜ ಹೇಳೀಮ್ಮ. ಮನೆ ಆಗ್ಬರುತ್ತಾ?"

ಸರೋಜಳ ಮಗಳು ಲತಾ ಹಿಂದೊಮ್ಮೆ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಆಸ್ಪತ್ರೆಯಲ್ಲೇ ಹೋಯಿತು. ಬರಿಗೈಯಲ್ಲಿ ವಾಪಸು ಬಂದು ಆ ಮನೆಯ ಕೋಣೆಯಲ್ಲಿ ಮಲಗಿದ್ದಳು, ಪಾಪ. ಮನೆಗೂ ಅದಕ್ಕೂ ಏನು ಸಂಬಂಧ? ಏನೂ ಇಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಸೊಸೆಯ ಹೊಟ್ಟೆ ನೋಡುತ್ತಲೇ ಹೇಳಿದೆ:

"ಮನೆ ಚೆನ್ನಾಗೈತೆ. ಬಾಣಂತನ ಮಾತ್ರ ಕೂಡ್ಬರಲ್ಲ ಅಲ್ಲಿ."

ಸೊಸೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಇಬ್ಬರೂ ಸರೋಜಳ ಬಾಗಿಲ ಕಡೆ ತಿರುಗಿಯೂ ನೋಡದೆ ಹೋದರು. ನನಗೆ — ಸುಳ್ಳೇಕೆ ಹೇಳಲಿ — ಸಮಾಧಾನವಾಯಿತು.

ಮಾತು ಬ್ರೋಕರ್‌ಗಳ ಬಾಯಿಗೆ ಬಿತ್ತು. ಆಮೇಲೆ ಮನೆ ನೋಡಲು ಯಾರೂ ಬರಲಿಲ್ಲ. ಮಾತು ಸರೋಜಳ ಕಿವಿಗೂ ಬಿದ್ದ ದಿನ, ಮನೆ ವಿಚಾರಿಸಲು ಬಂದಿದ್ದ ಆ ಇಬ್ಬರು ಪಾರ್ವತಿಯ ಅಂಗಡಿಯಲ್ಲಿ ನಿಂತಿದ್ದರೆಂದು ಯಾರೋ ಅವಳಿಗೆ ಹೇಳಿದರು. ಸರೋಜ ಬೀದಿಯಲ್ಲೇ ನಿಂತು ಕೂಗಿದಳು: "ನನ್ ಮಗಳ ಸಂಕಟ ಊರಿಗೆಲ್ಲಾ ಹಂಚಿದ್ಯಲ್ಲೇ! ನಿನಗೇನೇ ಮಾಡಿದ್ದೆ ನಾನು?"

ಪಾರ್ವತಿ ಅಂಗಡಿಯ ಬಾಗಿಲಿಗೆ ಬಂದು, ಎದುರು ಜಗಲಿಯಲ್ಲಿ ನಿಂತಿದ್ದ ನನ್ನ ಮುಖ ನೋಡಿದಳು. ಆ ಅತ್ತೆ, ಸೊಸೆ ನನ್ನ ಜಗಲಿಯಲ್ಲಿ ಕೂತಿದ್ದನ್ನು ಅವಳು ಕಂಡಿದ್ದಳು. ನಾನು ಹೇಳುತ್ತೇನೆಂದು ಕಾದಳು. ನಾನು — ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅದಾದ ಮೇಲೆ ಬೀದಿಯ ಹೆಂಗಸರು ಪಾರ್ವತಿಗೆ ಒಂದು ರವಿಕೆಯನ್ನೂ ಹೊಲಿಯಲು ಕೊಡಲಿಲ್ಲ. ಅವಳು ಅಂಗಡಿ ಎತ್ತಿ ಯಶವಂತಪುರಕ್ಕೆ ಹೋದಳು.

ಬೀದಿಯಲ್ಲಿ ಕೂಗಾಡಿದ ದಿನವೇ ಸಂಜೆ ಸರೋಜ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. "ಅಕ್ಕಾ, ಲತಾ ಮತ್ತೆ ಬಸುರಿ. ಐದು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಈ ಮನೆ ಕೋಣೆ ನೋಡಿದ್ರೇ ನಡುಗ್ತಾಳೆ, ಹೆರಿಗೆಗೆ ಬರಲ್ಲ ಅಂತಾಳೆ. ಮಾರಿ ದಾಸರಹಳ್ಳೀಲಿ ಅವಳ ಹತ್ರಾನೇ ಒಂದು ಮನೆ ತಗೊಂಡು ಬಾಣಂತನ ಮಾಡೋಣ ಅಂತಿದ್ದೆ. ಮಾರ್ತೀನಿ ಅಂದ್ರೆ ನೀವು ಯಾಕೆ ಅಂತ ಕೇಳ್ತಿದ್ರಿ. ನಿಮ್ ಮುಂದೆ ಸುಳ್ಳು ಹೇಳೋಕೆ ನನಗೆ ಬರಲ್ಲ ಅಕ್ಕ."

ಆಗ ಹೇಳಬಹುದಿತ್ತು. ಪಾರ್ವತಿ ಇನ್ನೂ ಎದುರಿಗೇ ಇದ್ದಳು. ನಾನು ಸರೋಜಳ ಬೆನ್ನು ಸವರಿ ಕಾಫಿ ಕೊಟ್ಟೆ.

ಲತಾಳ ಹೆರಿಗೆ ಗಂಡನ ಮನೆಯಲ್ಲಾಯಿತು. ಹೆಣ್ಣು ಮಗು, ಚೆನ್ನಾಗಿತ್ತು. ಆದರೆ ಬೀಗರ ಮನೆಯಲ್ಲಿ ಸರೋಜ ನೆಂಟಳಂತೆ ಕುರ್ಚಿಯಲ್ಲಿ ಕೂತು ನೋಡಿ ಬಂದಳು. ಮಗಳ ತಲೆಗೆ ಎಣ್ಣೆ ಹಚ್ಚುವುದಕ್ಕೂ ಅವಳಿಗೆ ಸಿಗಲಿಲ್ಲ. ವರ್ಷಗಳಾದ ಮೇಲೆ, ಒಡೆದು ಕಟ್ಟುವ ಒಬ್ಬ ಬಿಲ್ಡರ್ ಆ ಮನೆ ಕೊಂಡ. ಸರೋಜ ದಾಸರಹಳ್ಳಿಗೆ ಹೋದಳು. ನಾನು ಅವಳಿಗೆ ಯಾರೂ ಅಲ್ಲವೆಂದು ಕುದಿದೆನಲ್ಲ — ಅವಳು ಮೋಸ ಮಾಡಿರಲೇ ಇಲ್ಲ. ಮಾಡಿದವಳು ನಾನು, ಅದೂ ಇಬ್ಬರಿಗೆ.

ಈಗ ಲತಾಳಿಗೆ ಇನ್ನೊಂದು ಮಗು, ಗಂಡು. ಈ ಸಲ ಬಾಣಂತನ ಸರೋಜಳ ಮನೆಯಲ್ಲೇ. ನಿನ್ನೆ ಸರೋಜ ಫೋನ್ ಮಾಡಿದ್ದಳು. "ಬನ್ನಿ ಅಕ್ಕ, ಮಗೂನ ಎತ್ಕೊಳ್ಳಿ. ಕೊಡಿಗೇಹಳ್ಳೀಲಿ ನನ್ನೋರು ಅಂತ ಇದ್ದಿದ್ದು ನೀವೊಬ್ರೇ."

ನಾಳೆ ಮೊದಲು ಯಶವಂತಪುರಕ್ಕೆ ಹೋಗುತ್ತೇನೆ. ಪಾರ್ವತಿ ಬಾಯಿಗೆ ಬಂದಂತೆ ಬೈದರೆ ಬೈಸಿಕೊಳ್ಳುತ್ತೇನೆ. ಬರುತ್ತೇನೆಂದರೆ ಜೊತೆಗೆ ಕರೆದುಕೊಂಡು, ಇಲ್ಲದಿದ್ದರೆ ಒಬ್ಬಳೇ ದಾಸರಹಳ್ಳಿಗೆ. ಸರೋಜ ಬಾಗಿಲಲ್ಲೇ ಮಗುವನ್ನು ನನ್ನ ಕೈಗೆ ಕೊಡಲು ಬರುತ್ತಾಳೆ. ಎತ್ತಿಕೊಳ್ಳುವ ಮುಂಚೆ ಹೇಳಿಬಿಡಬೇಕು.