ಬಾಯಿ ಬಿಡದ ಗೋಲ್‌ಕೀಪರ್

ಮಗಳು ಗೋಲ್‌ಕೀಪರ್ ಎಂದು ಹೇಳಿದಾಗಲೆಲ್ಲ ಮಂಜಲ್‌ಪುರದ ನಮ್ಮ ಹೋಟೆಲಿನ ಗಿರಾಕಿಗಳು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಗೋಡೆಯ ಮೇಲಿನ ಅವಳ ಫೋಟೋ ನೋಡುತ್ತಾರೆ. ಇಂಥವನ ಮಗಳು ಅಷ್ಟೆತ್ತರ ಹಾರುತ್ತಾಳೆಂದರೆ ನಂಬಿಕೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಕುಂದಾಪುರದ ಕಡೆಯಿಂದ ವಡೋದರಾಕ್ಕೆ ಬಂದು ದೋಸೆ ಹೊಯ್ದವನಿಗೆ ಫುಟ್‌ಬಾಲ್ ಎಲ್ಲಿಂದ ತಿಳಿಯಬೇಕು? ಅಹಮದಾಬಾದಿನ ತಂಡವೊಂದು ಅವಳನ್ನು ಸೇರಿಸಿಕೊಂಡು, ಆ ತಂಡ ದೇಶದ ಮಹಿಳೆಯರ ಅತಿ ದೊಡ್ಡ ಲೀಗಿಗೆ ಏರಿದ ಮೇಲೆ ನಾನು ಕಲಿತದ್ದು ಎರಡೇ ಸಂಗತಿ. ಪಟ್ಟಿಯ ಬುಡದಲ್ಲಿ ಉಳಿದವರು ಕೆಳಗಿನ ದರ್ಜೆಗೆ ಬೀಳುತ್ತಾರೆ. ಗೋಲ್‌ಕೀಪರ್ ಆದವಳು ಕೈಯಲ್ಲಿ ಆಡಿದಷ್ಟೇ ಬಾಯಲ್ಲೂ ಆಡಬೇಕು.

ಎರಡನೆಯದನ್ನು ಮಗಳೇ ನನಗೆ ಅರ್ಥ ಮಾಡಿಸಿದ್ದಳು. ಇಡೀ ಮೈದಾನ ಎದುರಿಗೆ ಕಾಣುವುದು ಅವಳೊಬ್ಬಳಿಗೇ. ಚೆಂಡು ಎತ್ತರದಿಂದ ಬರುವಾಗ, ಅವಳಿಗೆ ಬೆನ್ನು ಹಾಕಿ ನಿಂತ ತನ್ನವರಿಗೆ ‘ನಾನು ಬಂದೆ, ಬಿಡಿ’ ಎಂದು ಕೂಗಿ ಹೇಳಬೇಕು. ಕೂಗದಿದ್ದರೆ ಇಬ್ಬರೂ ಒಂದೇ ಚೆಂಡಿಗೆ ಹಾರುತ್ತಾರೆ.

ಸೂರತ್‌ನಲ್ಲಿ ಆದದ್ದು ಅದೇ. ಅಹಮದಾಬಾದಿನ ಮೈದಾನ ಸಿಗದೆ ಒಂದು ಪಂದ್ಯವನ್ನು ಅಲ್ಲಿ ಆಡಿಸಿದರು. ಹೆಂಡತಿ, ನಾನು ರೈಲು ಹತ್ತಿ ಹೋಗಿದ್ದೆವು. ಎಡಗಡೆಯಿಂದ ಚೆಂಡು ತೇಲಿ ಬಂತು. ಮಗಳು ಕೂಗಿದಳು, ಆದರೆ ತಡವಾಗಿ ಕೂಗಿದಳು. ಅಷ್ಟರಲ್ಲಿ ಮುಂದೆ ನಿಂತಿದ್ದ ಡಿಫೆಂಡರ್ ಹುಡುಗಿ ತಲೆ ಕೊಡಲು ಹಾರಿಯಾಗಿತ್ತು. ಮಗಳ ಮುಷ್ಟಿ ಚೆಂಡಿಗೆ ಬೀಳುವ ಬದಲು ಆ ಹುಡುಗಿಯ ಬಾಯಿಗೆ ಬಿತ್ತು. ತುಟಿ ಸೀಳಿ, ಒಂದು ಹಲ್ಲು ಹೋಯಿತು. ಆಕೆ ಒಡಿಶಾದವಳು, ಅಹಮದಾಬಾದಿನ ವಟ್ವಾದ ಬಾಡಿಗೆ ಕೋಣೆಯಲ್ಲಿ ನನ್ನ ಮಗಳ ಜೊತೆಗೇ ಇರುವವಳು. ಒಂದೇ ಕುಕ್ಕರಿನಲ್ಲಿ ಇಬ್ಬರೂ ಅನ್ನ ಮಾಡಿಕೊಂಡು ತಿನ್ನುವವರು.

ಅಂದಿನಿಂದ ಮಗಳ ಬಾಯಿ ಕಟ್ಟಿಹೋಯಿತು. ಮುಂದಿನ ಪಂದ್ಯಗಳಲ್ಲಿ ಅವಳು ಗೋಲಿನ ಗೆರೆ ಬಿಟ್ಟು ಮುಂದೆ ಬರಲಿಲ್ಲ, ಕೂಗಲೂ ಇಲ್ಲ. ಎದುರಾಳಿಗಳಿಗೆ ಅದು ಬೇಗ ತಿಳಿಯಿತು. ಎತ್ತರದ ಚೆಂಡನ್ನೇ ಹಾಕತೊಡಗಿದರು. ನಮ್ಮ ತಂಡ ಪಟ್ಟಿಯ ಮಧ್ಯದಿಂದ ಜಾರುತ್ತ ಜಾರುತ್ತ ಬುಡದ ಹತ್ತಿರ ಬಂತು. ನಾನು ಕೌಂಟರಿನಲ್ಲಿ ಕುಳಿತು ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದೆ. ಗಿರಾಕಿ ದುಡ್ಡು ಹಿಡಿದು ನಿಂತಿದ್ದರೂ ನನಗೆ ಕಾಣುತ್ತಿರಲಿಲ್ಲ. ಒಂದು ದಿನ ಸಾಂಬಾರಿಗೆ ಸಕ್ಕರೆ ಕಮ್ಮಿ ಎಂದ ಮಕರಪುರದ ಕಾರ್ಖಾನೆಯವನೊಬ್ಬನಿಗೆ ಹರಿಹಾಯ್ದೆ. ಪಾಪ, ಇಷ್ಟು ವರ್ಷದಿಂದ ಅದನ್ನೇ ಹೇಳಿಕೊಂಡು ತಿನ್ನುವವನು ಅವನು.

ಕೋಚ್ ಖಡಾಖಂಡಿತ ಹೆಂಗಸು. ಕೊನೆಯ ಪಂದ್ಯಕ್ಕೆ ಮುಂಚೆ ಮಗಳನ್ನು ಕರೆದು ಹೇಳಿದಳಂತೆ: ಶುರುವಿಗೆ ನೀನೇ ನಿಲ್ಲು, ಬಾಯಿ ಬಿಡದಿದ್ದರೆ ನಡುವೆಯೇ ತೆಗೆದು ಇನ್ನೊಬ್ಬಳನ್ನು ಇಳಿಸುತ್ತೇನೆ, ಮುಂದಿನ ವರ್ಷಕ್ಕೂ ಆಕೆಯೇ. ಮಗಳು ಫೋನಿನಲ್ಲಿ ಅದನ್ನು ನನಗೆ ಹೇಳುವಾಗ ಅವಳ ಸ್ವರ ಬಾವಿಯ ತಳದಿಂದ ಬಂದ ಹಾಗಿತ್ತು. “ಪಪ್ಪಾ, ನಾನ್ ಟ್ರೈ ಮಾಡ್ತೆ. ಆವಾಜ್ ಬತ್ತಿಲ್ಲೆ.”

ನಡುವೆ ಕೆಲವು ದಿನ ಬಿಡುವಿತ್ತು. ಮಗಳು ಮನೆಗೆ ಬಂದಳು, ಜೊತೆಗೆ ಹೊಲಿಗೆ ಬಿಚ್ಚಿಸಿಕೊಂಡಿದ್ದ ಆ ಒಡಿಶಾದ ಹುಡುಗಿಯೂ ಬಂದಳು. ಅವಳ ತುಟಿ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳೋ ಬಂದವಳೇ ಮಸಾಲೆದೋಸೆ ಕೇಳಿದಳು. ಮನೆಯಲ್ಲಿ ಫುಟ್‌ಬಾಲಿನ ಮಾತೆತ್ತಬಾರದೆಂದು ಹೆಂಡತಿಯ ಕಟ್ಟಪ್ಪಣೆಯಾಗಿತ್ತು. “ಹೆಣ್ಣ್ ಹೆದ್ರಿದ್ದ್. ನೀವ್ ಇನ್ನೂ ಹೆದ್ರಿಸ್ಬೇಡಿ,” ಎಂದಿದ್ದಳು. ಹಾಗಾಗಿ ನಾವೆಲ್ಲ ಬಿಸಿಲಿನ ಬಗ್ಗೆ, ಮಾವಿನಹಣ್ಣಿನ ಬಗ್ಗೆ ಮಾತಾಡಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ತಾನಾಗಿ ಏಪ್ರನ್ ಕಟ್ಟಿಕೊಂಡಳು. ಚಿಕ್ಕಂದಿನಿಂದ ಭಾನುವಾರ ಅವಳು ಹೀಗೆ ಕೈ ಜೋಡಿಸುವುದು ಉಂಟು. ನಮ್ಮ ಅಡುಗೆಮನೆಯ ಬಾಗಿಲು ಕಿರಿದು. ಬಿಸಿ ಪಾತ್ರೆ ಹಿಡಿದವರು “ಬಿಸಿ, ಬಿಸಿ!” ಎಂದು ಕೂಗಿಕೊಂಡೇ ಅದರಲ್ಲಿ ನುಗ್ಗಬೇಕು, ಕೇಳಿದವರು ಗೋಡೆಗೆ ಅಂಟಿಕೊಳ್ಳಬೇಕು. ಬಿಹಾರದಿಂದ ಬರಲಿ, ನೇಪಾಳದಿಂದ ಬರಲಿ, ನಮ್ಮಲ್ಲಿ ಕೆಲಸಕ್ಕೆ ಸೇರಿದವರು ಕಲಿಯುವ ಮೊದಲ ಕನ್ನಡ ಅದು.

ಒಡಿಶಾದ ಹುಡುಗಿ ದೋಸೆ ಹೊಯ್ಯುವುದನ್ನು ನೋಡುತ್ತ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಒಳಗಿನಿಂದ ಮಗಳು ಕುದಿಯುವ ಸಾಂಬಾರಿನ ಪಾತ್ರೆ ಎತ್ತಿಕೊಂಡು ಹೊರಟಳು. ಆ ಹುಡುಗಿ ಹಿಂದೆ ನೋಡದೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಅದನ್ನು ನೋಡಿ ನಾನು ಕೌಂಟರಿನಿಂದ ಅರ್ಧ ಎದ್ದೆ.

“ಬಿಸೀ! ಬಿಸೀ!”

ಕೂಗಿದ್ದು ಮಗಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕನ್ನಡದ ಗಂಧಗಾಳಿಯಿಲ್ಲದ ಆ ಹುಡುಗಿ ತಿರುಗಿಯೂ ನೋಡದೆ ಸರಕ್ಕನೆ ಗೋಡೆಗೆ ಅಂಟಿದಳು. ಸಾಂಬಾರು ಒಂದು ತೊಟ್ಟೂ ಚೆಲ್ಲದೆ ದಾಟಿ ಹೋಯಿತು. ಮಗಳು ಪಾತ್ರೆ ಇಳಿಸಿದಳು. ಆ ಹುಡುಗಿ ಸೊಂಟಕ್ಕೆ ಕೈಯಿಟ್ಟು ಅವಳನ್ನೇ ನೋಡಿದಳು. “ಇತನೀ ಆವಾಜ್ ಹೈ ತೇರೇ ಪಾಸ್? ಫಿರ್ ವಹಾಂ ಕ್ಯೋಂ ನಹೀಂ?” ಇಷ್ಟು ದೊಡ್ಡ ಸ್ವರ ಇಟ್ಟುಕೊಂಡು ಅಲ್ಲೇಕೆ ಸುಮ್ಮನಿರುತ್ತೀ ಎಂದು ಅವಳು ಕೇಳಿದಳು. ಮಗಳು ಏಪ್ರನ್ ಬಿಚ್ಚಿಟ್ಟು ಮನೆಗೆ ಹೋದಳು.

ಕೊನೆಯ ಪಂದ್ಯ ಅಹಮದಾಬಾದಿನಲ್ಲಿ. ಸಮವಾದರೆ ನಮ್ಮವರು ಲೀಗಿನಲ್ಲಿ ಉಳಿಯುತ್ತಾರೆ, ಸೋತರೆ ಬೀಳುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಗ್ಯಾಲರಿಯ ಕುರ್ಚಿಗಳು ಕಾವಲಿಯಂತೆ ಕಾದಿದ್ದವು. ಬಂದವರು ಬೆರಳೆಣಿಕೆಯ ಮಂದಿ. ಅಂಥ ಮೈದಾನದಲ್ಲಿ ಒಬ್ಬ ಕೆಮ್ಮಿದರೂ ಆಟಗಾರರಿಗೆ ಕೇಳುತ್ತದೆ. ಕೂರುವ ಮೊದಲೇ ಹೆಂಡತಿ ಬೆರಳು ತೋರಿಸಿದಳು: “ನೀವ್ ಬಾಯಿ ಬಿಟ್ರೆ ಕಾಣಿ! ನಿಮ್ ಬೊಬ್ಬೆ ಕೇಂಡ್ರೆ ಅದ್ಕೆ ಇದ್ದ ಧೈರ್ಯವೂ ಹೋತ್ತ್.” ನಾನು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡು ಕುಳಿತೆ.

ಮೊದಲರ್ಧದಲ್ಲೇ ಗೋಲು ಬಿತ್ತು. ಎತ್ತರದ ಚೆಂಡು, ಮಗಳು ಗೆರೆಯ ಮೇಲೇ ನಿಂತಳು, ತುಟಿ ಅಲುಗಲಿಲ್ಲ. ನನಗೆ ಸಿಟ್ಟೂ ಬಂತು, ಅವಳನ್ನು ಎತ್ತಿಕೊಂಡು ಮನೆಗೆ ಓಡಿಹೋಗೋಣ ಎಂದೂ ಅನಿಸಿತು. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಸಿಕ್ಕಿ ನಮ್ಮವರು ಸಮ ಮಾಡಿದರು. ಅಲ್ಲಿಂದ ಮುಂದೆ ಎದುರಾಳಿಗಳು ನಮ್ಮ ಗೋಲಿನ ಮುಂದೆಯೇ ಬೀಡುಬಿಟ್ಟರು.

ಇನ್ನೇನು ಮುಗಿಯಬೇಕು, ಆಗ ಅವರಿಗೆ ಕಾರ್ನರ್ ಸಿಕ್ಕಿತು. ಕೋಚ್ ಬೆಂಚಿನ ಕಡೆ ತಿರುಗಿ ಕೈಯಾಡಿಸಿದಳು. ಇನ್ನೊಬ್ಬ ಗೋಲ್‌ಕೀಪರ್ ಜಾಕೆಟ್ ಕಳಚಿ ಕೈಗವಸು ಹಾಕಿಕೊಂಡು ಮೈದಾನದ ಅಂಚಿಗೆ ಬಂದು ನಿಂತಳು. ಈ ಚೆಂಡು ಮುಗಿದ ಕೂಡಲೇ ಬದಲಿ. ಮಗಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ಹೆಂಡತಿ ನನ್ನ ತೋಳನ್ನು ಉಗುರು ಊರುವಂತೆ ಹಿಡಿದುಕೊಂಡಳು.

ಚೆಂಡು ಮೇಲೆದ್ದಿತು. ಗೋಲಿನ ಮುಂದೆ ತಲೆಗಳ ಗುಂಪು, ಆ ಗುಂಪಿನ ನಡುವೆ ಒಡಿಶಾದ ಹುಡುಗಿ. ಸೂರತ್‌ನಲ್ಲಿ ಬಂದ ಚೆಂಡೇ ಮತ್ತೆ ಬಂದ ಹಾಗಿತ್ತು. ಮಗಳು ಗೆರೆಯ ಮೇಲೆಯೇ ಇದ್ದಳು. ಸದ್ದಿಲ್ಲ.

ಆಗ ಕೇಳಿತು, “ಬಿಸಿ! ಬಿಸಿ!”

ಮಗಳ ಸ್ವರವಲ್ಲ. ಒಂದು ಹಲ್ಲಿಲ್ಲದ ಬಾಯಿಂದ, ಅರ್ಥ ಗೊತ್ತಿಲ್ಲದ ಶಬ್ದವನ್ನು ಆ ಹುಡುಗಿ ಕೂಗುತ್ತಿದ್ದಳು. ಹಿಂದೆ ತಿರುಗಿ ನೋಡಲೂ ಇಲ್ಲ. ಕೂಗುತ್ತಲೇ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲಕ್ಕೆ ಕುಕ್ಕರಿಸಿಬಿಟ್ಟಳು.

“ಬಿಸೀ!” ಇದು ನನ್ನ ಮಗಳು. ಭಾನುವಾರದ ಜನಜಂಗುಳಿಯ ಮೇಲೆ ಕೇಳುವ ಅದೇ ಸ್ವರ. ಕೂಗುತ್ತ ಬಂದಳು, ಕುಳಿತವಳ ಮೇಲಿಂದ ಹಾರಿದಳು, ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಅವುಚಿಕೊಂಡು ಬಿದ್ದಳು. ಬೀಳುವಾಗಲೂ ಕೂಗುತ್ತಿದ್ದಳು.

ಕೋಚ್ ಅಂಚಿನಲ್ಲಿ ನಿಂತವಳಿಗೆ ಕೂರು ಎಂದು ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿಗೆ ರೆಫರಿ ಸೀಟಿ ಊದಿದರು. ಮೈದಾನದಲ್ಲಿ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಮಗಳು ಮಾತ್ರ ಕೈಗವಸು ಕಳಚಿ, ಆ ಹುಡುಗಿಯ ತುಟಿಯ ಮೇಲಿನ ಗಾಯದ ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಅಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲ.

ಹೆಂಡತಿ ನನ್ನ ಬಾಯಿಂದ ಬೈರಾಸನ್ನು ಎಳೆದು ತೆಗೆದಳು. “ಈಗ ಬೊಬ್ಬೆ ಹಾಕಿ,” ಎಂದಳು, “ಎಷ್ಟ್ ಬೇಕಾರೂ ಹಾಕಿ.”

ನಾನು ಎದ್ದು ನಿಂತು ಬಾಯಿ ತೆರೆದೆ. ಸ್ವರವೇ ಹೊರಡಲಿಲ್ಲ.