ಟವೆಲ್ ಕುಳಿತ ಸೀಟು

ಗೆಳೆಯರೇ, ಇವತ್ತು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನಿಂತೇ ಬಂದೆ. ತಪ್ಪು ಪ್ರೊಸೆಸರಿನದು.

ಕಂಪ್ಯೂಟರನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ಲನ್ನು ನಡುವೆ ತಡೆದು, ಅದು ಯಾವ ಹೆಜ್ಜೆಯಲ್ಲಿದೆ ಎಂದು ಹೇಳುವ ಟ್ರೇಸರ್ ಎಂಬ ಪ್ರೋಗ್ರಾಮೊಂದನ್ನು ತಿದ್ದುತ್ತಿದ್ದೇನೆ. ನನ್ನ ಯಂತ್ರದಲ್ಲಿ ಅದು ಸತ್ಯವಂತ. ಲಿಂಗಸುಗೂರಿನ ಗೆಳೆಯನ ಯಂತ್ರದಲ್ಲಿ ಬೇರೆ ಪ್ರೊಸೆಸರ್. ಅಲ್ಲಿ ಮಾತ್ರ ಸುಳ್ಳು ಜಾಗ ತೋರಿಸುತ್ತದೆ. ನಾಳೆ ಆ ಯಂತ್ರವನ್ನು ಮಾರಿಬಿಡುತ್ತಾನಂತೆ.

ಅದೇ ಗುಂಗಿನಲ್ಲಿ ಟ್ರೇಸರ್ ತುಂಬಿದ ಫ್ಲಾಪಿ ಹಿಡಿದು ಬಸ್ ಹತ್ತಿದೆ. ಕೋಡಿನ ಸಾಲುಗಳು ಕಾಲುವೆ ನೀರಿನ ಹಾಗೆ ಕಣ್ಣೊಳಗೆ ಮೆಲ್ಲಗೆ ಹರಿಯುತ್ತಿದ್ದವು. ಖಾಲಿ ಸೀಟು ಕಂಡಿತು, ಕುಳಿತೆ. ಕಿಟಕಿಯ ಕೆಳಗೆ, ಬಸ್‌ಸ್ಟ್ಯಾಂಡಿನ ನೆಲದ ಮೇಲೆ ನಿಂತಿದ್ದ ಹಿರಿಯರೊಬ್ಬರು ಕೂಗಿದರು.

"ಏ ತಮ್ಮಾ, ಏಳು! ಅಲ್ಲಿ ನಾ ಕುಂತೀನಿ!"

"ನೀವು ಕೆಳಗ ನಿಂತೀರಲ್ರೀ ಕಾಕಾ."

"ಟವೆಲ್ ಹಾಕೀನಲ್ಲೋ! ಟವೆಲ್ ಕುಂತ್ರ ನಾ ಕುಂತಂಗ. ಕಣ್ಣು ಎಲ್ಲಿಟ್ಟೀಯಪಾ?"

ಎದ್ದು ನೋಡಿದೆ. ನನ್ನ ಕೆಳಗೆ ನಿಜವಾಗಿಯೂ ಟವೆಲ್ ಇತ್ತು. ಕಾಕಾ ಹತ್ತಿ ಬಂದು ಕುಳಿತರು; ಬೇರೆ ಸೀಟು ಖಾಲಿ ಇರಲಿಲ್ಲ. ಬಸ್ ಹೊರಟಿತು, ಗದ್ದೆಗಳು ತೇಲಿಹೋದವು, ನಾನು ಆ ಸೀಟನ್ನೇ ನೋಡುತ್ತಾ ನಿಂತೆ. ಆ ಪ್ರೊಸೆಸರೂ ಹೀಗೆಯೇ ಅಲ್ಲವೇ! ತಡೆದು ಕೇಳಿದರೆ, ಇನ್ನೂ ಕಾಲಿಡದ ಮುಂದಿನ ಹೆಜ್ಜೆಗೆ ಟವೆಲ್ ಹಾಕಿ "ಅಲ್ಲಿದ್ದೇನೆ" ಅನ್ನುತ್ತದೆ. ಅದೊಂದಕ್ಕೆ ಮಾತ್ರ ಒಂದು ಹೆಜ್ಜೆ ಹಿಂದೆ ಲೆಕ್ಕ ಹಿಡಿದರಾಯಿತು!

ಮಸ್ಕಿಯಲ್ಲಿ ಕಾಕಾ ಇಳಿದರು. ಹಿಗ್ಗಿನಲ್ಲಿ ಕೂರಲು ಬಗ್ಗಿದೆ. ಕಿಟಕಿಯಿಂದ ಹಸಿರು ಟವೆಲೊಂದು ಹಾರಿ ಬಂದು ನನಗಿಂತ ಮೊದಲು ಕುಳಿತಿತು.

ಸಂಜೆ ಟ್ರೇಸರ್ ಸರಿಹೋಯಿತು. ಬಸ್ಸಿನದು ನನ್ನ ಕೈಲಾಗದು.