ಮೊರಿಸ್ ಓದದೆ ಬಿಟ್ಟ ಲೇಬಲ್

ಕಾವೂರಿನ ಮೊರಿಸ್ ಕುಟಿನ್ಹೊ ಅವರ ಮನೆಯಲ್ಲಿ ಅತಿ ಪವಿತ್ರವಾದ ಜಾಗ ಏಸುವಿನ ಪಟವಿಟ್ಟ ಆಲ್ತಾರ್ ಅಲ್ಲ, ಸ್ಟೋರ್ ರೂಮು. ಬಚ್ಚಲಿನ ಗೋಡೆಗೆ ಆತುಕೊಂಡಿರುವ ಆ ಕತ್ತಲೆ ಕೋಣೆಯ ಬೀಗದ ಕೈ ಸದಾ ಅವರ ಪ್ಯಾಂಟಿನ ಪಟ್ಟಿಯಲ್ಲಿ ನೇತಾಡುತ್ತಿತ್ತು. ಕುವೈಟಿನಲ್ಲಿ ಒಂದು ಕಂಪೆನಿಯ ಗೋದಾಮಿಗೆ ಸ್ಟೋರ್ ಇನ್‌ಚಾರ್ಜ್ ಆಗಿದ್ದವರು ಅವರು. ಕೆಲಸ ಬಿಟ್ಟು ಊರಿಗೆ ಬಂದರೂ ಇನ್‌ಚಾರ್ಜು ಅವರನ್ನು ಬಿಟ್ಟು ಹೋಗಿರಲಿಲ್ಲ.

ಅವರ ಸಿದ್ಧಾಂತ ಒಂದೇ. ಮೊದಲು ಒಳಗೆ ಬಂದದ್ದು ಮೊದಲು ಹೊರಗೆ ಹೋಗಬೇಕು. ಹಳೆಯದು ಮುಗಿಯದೆ ಹೊಸದರ ಬಾಯಿ ಬಿಚ್ಚುವಂತಿಲ್ಲ. ಹಾಗಾಗಿ ತಾಜಾ ಬಿಸ್ಕತ್ತು ತಿಂದ ನೆನಪು ಆ ಮನೆಯಲ್ಲಿ ಯಾರಿಗೂ ಇಲ್ಲ. ಎಲ್ಲವೂ ಅವಧಿ ಮುಗಿಯುವ ವಾರದಲ್ಲೇ ತಟ್ಟೆಗೆ ಬರುವುದು. ಆದರೆ ಅವಧಿ ದಾಟಿದ ಒಂದು ಪೊಟ್ಟಣವೂ ಅವರ ಕಣ್ಣು ತಪ್ಪಿಸಿ ಹೊರಬಿದ್ದ ಚರಿತ್ರೆ ಇರಲಿಲ್ಲ. ಉಪ್ಪಿನ ಪ್ಯಾಕೆಟನ್ನೂ ಕನ್ನಡಕ ಹಾಕಿಯೇ ಓದುವವರು.

ಇಂಥವರ ರಾಜ್ಯದಲ್ಲಿ ಅವರು ಓದದೆ ಬಿಟ್ಟ ಸಾಮಾನು ಒಂದೇ ಒಂದು. ಕೊರೊನಾಕ್ಕೂ ಮೊದಲು, ಕೊನೆಯ ಸಲ ಕುವೈಟಿನಿಂದ ಬರುವಾಗ, ಸೋವಿಗೆ ಸಿಕ್ಕಿತೆಂದು ಹೊತ್ತು ತಂದ ಒಂದು ದೊಡ್ಡ ಕಾರ್ಟನ್. ಅದರ ತುಂಬ ಹೆಂಗಸರ ಪ್ಯಾಡು, ಗುಲಾಬಿ ಪರಿಮಳದ್ದು. ಸ್ವಲ್ಪ ಕಾಲದಲ್ಲೇ ಹೆಂಡತಿ ಮಟಿಲ್ಡಾಳ ಮಟ್ಟಿಗೆ ಮುಟ್ಟಿನ ವ್ಯವಹಾರ ಮುಗಿದುಹೋಯಿತು. ಉಳಿದದ್ದು ಮಗಳು ಆಂಡ್ರಿಯಾಳ ಪಾಲಿಗೆ ಬಂತು. ತಿಂಗಳಿಗೊಮ್ಮೆ ಮಟಿಲ್ಡಾ, "ಮಗಳಿಗೆ ಸಾಮಾನು ಬೇಕಂತೆ" ಎನ್ನುವಳು. ಮೊರಿಸರು ಬೀಗ ತೆಗೆದು, ಮುಖವನ್ನು ಮಾಡಿನ ಕಡೆಗೆತ್ತಿ, ಕುರುಡರ ಹಾಗೆ ಕಾರ್ಟನ್ನಿನೊಳಗೆ ಕೈಯಾಡಿಸಿ ಒಂದು ಪ್ಯಾಕೆಟ್ ಎತ್ತಿ, ಹಿಂದಕ್ಕೆ ಕೈಚಾಚಿ ಕೊಡುವರು. ಅಂಥದ್ದನ್ನೆಲ್ಲ ಗಂಡಸು ಕಣ್ಣಿಟ್ಟು ನೋಡುವುದು ಮರ್ಯಾದೆಯಲ್ಲ ಎಂಬುದು ಅವರ ನಂಬಿಕೆ. ಕಾಲೇಜಿನ ಹತ್ತಿರ ಬೇರೆ ಕೊಳ್ಳುತ್ತೇನೆಂದು ಆಂಡ್ರಿಯಾ ಒಮ್ಮೆ ಹೇಳಿದಾಗ, "ಮನೆಯಲ್ಲಿ ಫಾರಿನ್ ಉಂಟು, ಹೊರಗಿನದ್ದು ಎಂತಕ್ಕೆ?" ಎಂದು ಆ ಕಡತವನ್ನು ಮುಚ್ಚಿದ್ದರು.

ಈ ಆಷಾಢದಲ್ಲಿ ಹುಡುಗಿಗೆ ಜ್ವರ ಬಂತು. ಜ್ವರವೇನೋ ಬರಲಿ, ಆದರೆ ಕುರ್ಚಿಯಲ್ಲಿ ಕೂರಲಾರಳು, ಕಾಲು ಅಗಲಿಸಿ ಗೋಡೆ ಹಿಡಿದು ನಡೆಯುತ್ತಾಳೆ, ಕೇಳಿದರೆ ಅಳುತ್ತಾಳೆ. ಮಟಿಲ್ಡಾ ಅವಳನ್ನು ಡಾಕ್ಟರ್ ಮೈಮೂನಾ ಅವರಲ್ಲಿಗೆ ಕರೆದೊಯ್ದಳು. ಕಾರು ಬಿಟ್ಟ ಮೊರಿಸರು ಹೊರಗೆ ಕೂರಬಹುದಿತ್ತು. ಇನ್‌ಚಾರ್ಜು ಬಿಡಬೇಕಲ್ಲ, ಹಿಂದೆಯೇ ಒಳಗೆ ಹೋದರು.

ಪರದೆಯ ಹಿಂದೆ ಪರೀಕ್ಷೆ ಮಾಡಿ ಬಂದ ಡಾಕ್ಟರು ಕೈತೊಳೆಯುತ್ತಾ ಕೇಳಿದರು, "ಯಾವ ಪ್ಯಾಡ್ ಹಾಕುವುದು?"

"ಫಾರಿನ್, ಡಾಕ್ಟ್ರೇ," ಎಂದರು ಮೊರಿಸರು, ಎದೆ ಒಂದಿಂಚು ಮುಂದೆ ಮಾಡಿ.

"ಪ್ಯಾಕೆಟ್ ಉಂಟಾ?"

ಮಟಿಲ್ಡಾ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಮೊರಿಸರ ಕಣ್ಣು ತಟ್ಟನೆ ಫ್ಯಾನಿಗೆ ಹೋಯಿತು.

"ಫ್ಯಾನ್ ಸರಿ ಉಂಟು, ಸರ್. ಇಲ್ಲಿ ನೋಡಿ. ಇದನ್ನು ಸ್ವಲ್ಪ ಓದಿ."

ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಅವಧಿ ಮುಗಿದು ವರ್ಷಗಳೇ ಆಗಿದ್ದವು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೂದು ಬಣ್ಣದ ಚುಕ್ಕಿ, ಹಳೆ ಬ್ರೆಡ್ಡಿನಲ್ಲಿ ಏಳುವಂಥದು.

"ಪರಿಮಳದಿಂದ ಚರ್ಮ ಕೆರಳಿದೆ, ತೇವದಿಂದ ಪ್ಯಾಡಿಗೆ ಬೂಸ್ಟು ಬಂದಿದೆ," ಎಂದರು ಡಾಕ್ಟರು. ಮತ್ತೆ ಹುಡುಗಿಯ ಕಡೆ ತಿರುಗಿ, "ಒಂದನ್ನು ಎಷ್ಟು ಹೊತ್ತು ಇಡುವುದು, ಮಗಾ?"

"ಬೆಳಿಗ್ಗೆ ಹಾಕಿದ್ರೆ ಕಾಲೇಜಿಂದ ಬಂದ ಮೇಲೆ. ಒಮ್ಮೊಮ್ಮೆ ಮಲಗುವ ತನಕ."

"ಅಷ್ಟು ಹೊತ್ತು ಎಂತಕ್ಕೆ?"

ಆಂಡ್ರಿಯಾ ನೆಲ ನೋಡಿದಳು. "ಪ್ಯಾಕೆಟ್ ಬೇಗ ಮುಗಿದ್ರೆ ಡ್ಯಾಡಿಯ ಹತ್ರ ಪುನಃ ಕೀ ಕೇಳ್ಬೇಕಲ್ಲ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು ಮೊರಿಸರಿಗೆ. ಗೋದಾಮಿನಲ್ಲಿ ಕಳ್ಳತನ ಕಂಡಿದ್ದರು, ಬೆಂಕಿ ಕಂಡಿದ್ದರು. ತನ್ನ ಸೊಂಟದ ಕೀಲಿಕೈಗೆ ಹೆದರಿ ತನ್ನದೇ ಮಗಳು ಕೊಳೆಯುವುದನ್ನು ಮೈಗೆ ಕಟ್ಟಿಕೊಂಡು ದಿನವಿಡೀ ಕೂತಿದ್ದಳೆಂಬುದನ್ನು ಕಂಡಿರಲಿಲ್ಲ.

"ಕೀವು ಆಗಿದೆ," ಎಂದರು ಡಾಕ್ಟರು. "ಇನ್ನು ಸ್ವಲ್ಪ ತಡ ಮಾಡಿದ್ರೆ ಅಡ್ಮಿಟ್ ಮಾಡ್ಬೇಕಿತ್ತು. ಮಾತ್ರೆ ಕೊಡ್ತೇನೆ, ಪೂರ್ತಿ ಮುಗಿಸ್ಬೇಕು. ಪರಿಮಳದ್ದು ಬೇಡ, ಸಾದಾ ಸಾಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸು, ಕಡಿಮೆ ಹೋಗ್ತಿದ್ರೂ ಬದಲಿಸು. ಮೊದಲೂ ಆಮೇಲೂ ಕೈ ತೊಳೆ. ಮತ್ತೆ ಸರ್, ಇದನ್ನು ಬಚ್ಚಲಿನ ಬದಿಯಲ್ಲಿ ಇಡ್ಬಾರ್ದು. ಒಣ ಜಾಗದಲ್ಲಿ, ಅವಳ ಕೈಗೆ ಸಿಗುವಲ್ಲಿ."

"ನನ್ನ ಅಮ್ಮ ಹತ್ತಿ ಬಟ್ಟೆ ಕೊಡ್ತಿದ್ರು," ಎಂದಳು ಮಟಿಲ್ಡಾ ಸಣ್ಣ ಸ್ವರದಲ್ಲಿ. "ಸಾಬೂನು ಹಾಕಿ ಒಗೆದು ಬಿಸಿಲಿಗೆ ಒಣಗಿಸ್ಲೇಬೇಕು ಅಂತ ಹಟ ಅವರದ್ದು."

"ಹಾಗೆ ಒಣಗಿಸಿದ ಬಟ್ಟೆ ಈ ಫಾರಿನ್ನಿಗಿಂತ ಸಾವಿರ ಪಾಲು ಒಳ್ಳೇದು."

ಮೊರಿಸರಿಗೆ ಇದು ಎರಡನೆಯ ಪೆಟ್ಟು. ಆದರೆ ಮೊದಲನೆಯದೇ ಇನ್ನೂ ಉರಿಯುತ್ತಿತ್ತು.

ದಾರಿಯಲ್ಲಿ ಮೆಡಿಕಲಿನಿಂದ ಮಾತ್ರೆಯನ್ನೂ ಸಾದಾ ಪ್ಯಾಡನ್ನೂ ಮಟಿಲ್ಡಾ ಕೊಂಡಳು. ಮನೆಗೆ ಬಂದದ್ದೇ ಗಂಡನ ಮುಂದೆ ಅಂಗೈ ಚಾಚಿದಳು. "ಕೀ ಕೊಡಿ." ಕೊಟ್ಟರು. ಹಿಂದೆ ಬಿಷಪರು ಕೇಳಿದ್ದರೂ ಕೊಡುತ್ತಿದ್ದರೋ ಇಲ್ಲವೋ.

ಕಾರ್ಟನ್ನನ್ನು ಜಗಲಿಯ ಬೆಳಕಿಗೆ ಎಳೆದು ಮೊರಿಸರು ಅದರೊಳಗೆ ಇಣುಕಿದರು, ಈ ಸಲ ಎರಡೂ ಕಣ್ಣು ಬಿಟ್ಟು. ಗುಲಾಬಿ, ನುಸಿಗುಳಿಗೆ, ಹಸಿ ಗೋಡೆ, ಮೂರೂ ಸೇರಿದ ನಾತ ಮುಖಕ್ಕೆ ಹೊಡೆಯಿತು. ಅಡಿಯ ಪ್ಯಾಕೆಟುಗಳು ಕಪ್ಪಗಾಗಿದ್ದವು. ಮೇಲರ್ಧ ಪೂರ್ತಿ ಖಾಲಿ. ಅಷ್ಟನ್ನೂ ಮಗಳೊಬ್ಬಳೇ ಮುಗಿಸಿರಲಾರಳು, ಮಿಕ್ಕದ್ದು ಎಲ್ಲಿ ಹೋಯಿತು?

ತಟ್ಟನೆ ನೆನಪಾಯಿತು. ಬಂದ ಹೊಸದರಲ್ಲಿ ಸಾಬೂನು, ಪೌಡರು, ಚಾಕ್ಲೇಟಿನ ಜೊತೆ ಅದನ್ನೂ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಸಿ ಸಂಬಂಧಿಕರ ಮನೆಮನೆಗೆ ಹಂಚಿದ್ದರು. ಫಾರಿನ್ ಸಾಮಾನು, ಯಾರು ಬಿಸಾಡುತ್ತಾರೆ? ಕಪಾಟಿನಲ್ಲಿಟ್ಟು ಪೂಜಿಸುತ್ತಾರೆ.

ಮೊದಲ ಫೋನು ಪಡೀಲಿನ ತಂಗಿ ಬೆನಿಟಾಳಿಗೆ.

"ಬೆನಿಟಾ, ಆಗ ನಾನು ಕೊಟ್ಟ ಕಪ್ಪು ತೊಟ್ಟೆ ಉಂಟಲ್ಲ..."

"ಯಾವ ತೊಟ್ಟೆ?"

"ಅದೇ ಮಾರಾಯ್ತಿ, ಹೆಂಗಸರ..." ಮೊರಿಸರು ರಸ್ತೆಯ ಕಡೆ ನೋಡಿದರು, ಗಂಟಲು ಸರಿಮಾಡಿದರು. "ಪ್ಯಾಡು! ಪ್ಯಾಡು!"

"ಮೊರಿಸ್, ಹಗಲಿಗೇ ಎಣ್ಣೆ ಹಾಕಿದ್ದೀಯಾ?"

"ಇಲ್ಲ! ಅದು ಉಂಟಾ, ಮುಗಿಯಿತಾ, ಹೇಳು."

"ಉಂಟು. ಜೋಪಾನವಾಗಿ ಇಟ್ಟಿದ್ದೇನೆ, ನಮ್ಮ ಮಗಳು ಆನ್ಸಿಗೆ. ಇವತ್ತೋ ನಾಳೆಯೋ ದೊಡ್ಡವಳಾಗ್ತಾಳೆ. ಮೊದಲ ಸಲಕ್ಕೆ ಮಾಮನ ಫಾರಿನ್ನೇ ಆಗ್ಲಿ ಅಂತ."

ಮೊರಿಸರು ಜಗಲಿಯ ಮೆಟ್ಟಿಲ ಮೇಲೆ ಕುಸಿದರು. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು, ಡೇಟು, ಬೂಸ್ಟು, ಬದಲಿಸುವ ಹೊತ್ತು, ಒಣ ಜಾಗ. ಸ್ವರ ಏರಿದ್ದು ಅವರಿಗೆ ತಿಳಿಯಲಿಲ್ಲ. ಆಚೆ ಮನೆಯವರು ಕಿಟಕಿಗೆ ಬಂದರು. ಒಳಗೆ ಮಲಗಿದ್ದ ಆಂಡ್ರಿಯಾ, "ಮಮ್ಮೀ, ಡ್ಯಾಡಿಗೆ ಮೆಲ್ಲ ಮಾತಾಡ್ಲಿಕ್ಕೆ ಹೇಳು!" ಎಂದು ಹೊದಿಕೆಯನ್ನು ತಲೆಗೆಳೆದುಕೊಂಡಳು.

"ಮಾತಾಡ್ಲಿ ಬಿಡು," ಎಂದಳು ಮಟಿಲ್ಡಾ.

ಹೊರಗೆ ಮೊರಿಸರು ಉಳ್ಳಾಲದ ಭಾವ ಮ್ಯಾಕ್ಸಿಮನ ನಂಬರು ಒತ್ತಿಯಾಗಿತ್ತು.

"ಹಲೋ, ಮ್ಯಾಕ್ಸಿಮ್? ಒಂದು ಮುಖ್ಯ ವಿಷಯ ಉಂಟು, ಫೋನು ಹೆಂಡತಿಗೆ ಕೊಡು." ಒಂದು ಕ್ಷಣ ತಡೆದರು. "ಬೇಡ, ಮಾರಾಯ. ನೀನೇ ಕೇಳು."